ತಲೆಗೆ ಪೆಟ್ಟು: ಸ್ಕ್ಯಾನ್‌ನಲ್ಲಿ ರಕ್ತ ಯಾವಾಗಲೂ ಬಿಳಿಯಾಗಿಯೇ ಕಾಣುತ್ತದೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ಊರಿಗೆ ಹೋದರೂ ತಲೆಗೆ ಪೆಟ್ಟು ಬಿದ್ದ ಒಂದಾದರೂ ಕಥೆ ಸಿಗುತ್ತದೆ. ಕಾಯಿ ಕೆಡವಲು ಮರ ಹತ್ತಿದವರು ಜಾರಿದ್ದು, ತೋಟದಲ್ಲಿ ನೀರು ಕಟ್ಟುತ್ತಿದ್ದವರ ಮೇಲೆ ಒಣ ಗರಿ ಕಳಚಿ ಬಿದ್ದದ್ದು, ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿ ಬೈಕಿನಲ್ಲಿ ವಾಪಸು ಬರುವಾಗ ನಾಯಿ ಅಡ್ಡ ಬಂದದ್ದು, ಅಜ್ಜಿ ಬಚ್ಚಲುಮನೆಯಲ್ಲಿ ಕಾಲು ಜಾರಿದ್ದು. ಇವುಗಳಲ್ಲಿ ಬಹಳಷ್ಟು ಕಥೆಗಳು ಒಂದೇ ಮಾತಿಗೆ ಬಂದು ನಿಲ್ಲುತ್ತವೆ: "ಸ್ಕ್ಯಾನ್ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು."

ಹೆಚ್ಚಿನ ಸಲ ಆ ಮಾತು ನಿಜವೇ ಆಗಿರುತ್ತದೆ. ಸಣ್ಣಪುಟ್ಟ ಪೆಟ್ಟು ಬಿದ್ದವರಲ್ಲಿ ಬಹುಪಾಲು ಜನರಿಗೆ ತಲೆಬುರುಡೆಯ ಒಳಗೆ ರಕ್ತಸ್ರಾವ ಆಗಿರುವುದಿಲ್ಲ. ಆದರೆ "ಏನೂ ಇಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು. ರಕ್ತಸ್ರಾವ ಆಗಿಯೇ ಇಲ್ಲ ಎಂಬುದು ಒಂದು. ಸ್ಕ್ಯಾನ್ ಮಾಡುವ ಹೊತ್ತಿಗೆ ಇನ್ನೂ ಆಗಿರಲಿಲ್ಲ ಎಂಬುದು ಇನ್ನೊಂದು. ಆಗಿದೆ, ಆದರೆ ನಾವು ಹುಡುಕುವ ಬಣ್ಣದಲ್ಲಿ ಕಾಣುತ್ತಿಲ್ಲ ಎಂಬುದು ಮೂರನೆಯದು. ಈ ಮೂರನೆಯದು ಅಪರೂಪ. ಅಪರೂಪ ಆದ್ದರಿಂದಲೇ ತಪ್ಪಿಹೋಗುತ್ತದೆ.

ನಾನು ವೈದ್ಯೆಯಲ್ಲ. ಸಂವಹನ ಓದಿ, ಆರೋಗ್ಯದ ಮಾಹಿತಿ ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ಹೇಗೆ ಸಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೂ ಅದೇ ಕಾರಣಕ್ಕೆ. ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗೆ ಚಿತ್ರದ ಜೊತೆ ಇನ್ನೂ ಒಂದು ಬೇಕಾಗುತ್ತದೆ: ಪೆಟ್ಟು ಯಾವಾಗ, ಹೇಗೆ ಬಿತ್ತು, ಬಿದ್ದವರ ಆರೋಗ್ಯ ಮೊದಲು ಹೇಗಿತ್ತು ಎಂಬ ವಿವರ. ಅದು ಇರುವುದು ಮನೆಯವರ ಬಾಯಲ್ಲಿ. ಸ್ಕ್ಯಾನ್ ಚೀಟಿಯಲ್ಲಿ ಆ ವಿವರಕ್ಕೆಂದೇ ಒಂದು ಜಾಗ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ಪದ ಇರುತ್ತವೆ: "ಬಿದ್ದ ಪೆಟ್ಟು" ಅಥವಾ "ರಸ್ತೆ ಅಪಘಾತ."

ಬಿಳಿ ಎಲ್ಲಿಂದ ಬರುತ್ತದೆ?

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ ಭಾಗದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ತಲೆಯ ಸಿ.ಟಿ. ಸ್ಕ್ಯಾನ್ ನಡೆಯಿತು. ಯಂತ್ರ ರೂಪಿಸಿದವರು ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಹೌದು, ಗ್ರಾಮಫೋನ್ ರೆಕಾರ್ಡುಗಳ ಅದೇ ಇ.ಎಂ.ಐ. 1979ರಲ್ಲಿ ಅವರಿಗೆ ಅಲನ್ ಕಾರ್ಮ್ಯಾಕ್ ಅವರ ಜೊತೆ ನೊಬೆಲ್ ಬಂತು. ಅಲ್ಲಿಯವರೆಗೆ ಸಾದಾ ಎಕ್ಸ್‌-ರೇಯಲ್ಲಿ ಬುರುಡೆಯ ಮೂಳೆ ಕಾಣುತ್ತಿತ್ತೇ ಹೊರತು ಒಳಗಿನ ರಕ್ತ ಕಾಣುತ್ತಿರಲಿಲ್ಲ.

ಸಿ.ಟಿ. ಯಂತ್ರ ತಲೆಯ ಸುತ್ತ ತಿರುಗುತ್ತಾ ಎಕ್ಸ್‌-ಕಿರಣ ಹಾಯಿಸುತ್ತದೆ. ಯಾವ ಜಾಗದಲ್ಲಿ ಎಷ್ಟು ಕಿರಣ ತಡೆಯಲ್ಪಟ್ಟಿತು ಎಂದು ಲೆಕ್ಕ ಹಾಕಿ ಪ್ರತಿ ಚುಕ್ಕೆಗೂ ಒಂದು ಅಂಕಿ ಕೊಡುತ್ತದೆ. ಆ ಅಂಕಿಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರು. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ 1000 ಅಥವಾ ಅದರ ಆಸುಪಾಸು. ಮೆದುಳಿನದು ಸುಮಾರು 25ರಿಂದ 40. ಹೊಸದಾಗಿ ಹೆಪ್ಪುಗಟ್ಟಿದ ರಕ್ತದ್ದು ಸುಮಾರು 50ರಿಂದ 80. ಅಂಕಿ ಹೆಚ್ಚಾದಷ್ಟೂ ಪರದೆಯ ಮೇಲೆ ಬಿಳಿ, ಕಡಿಮೆಯಾದಷ್ಟೂ ಕಪ್ಪು. ಅಂದರೆ ಮೆದುಳು ಬೂದು, ರಕ್ತ ಬಿಳಿ. ಎರಡರ ನಡುವಿನ ಅಂತರ ನಾವು ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಿ.

ರಕ್ತದಲ್ಲಿ ಕಬ್ಬಿಣ ಇದೆಯಲ್ಲ, ಅದಕ್ಕೇ ಬಿಳಿ ಕಾಣುತ್ತದೆ ಎಂದು ವಿಜ್ಞಾನ ಓದಿದವರೂ ಹೇಳುವುದುಂಟು. ಇದು ಸರಿಯಲ್ಲ. ಸಿ.ಟಿ.ಯಲ್ಲಿ ರಕ್ತವನ್ನು ಬೆಳ್ಳಗೆ ಮಾಡುವುದು ಮುಖ್ಯವಾಗಿ ಹಿಮೋಗ್ಲೋಬಿನ್‌ನ ಪ್ರೋಟೀನ್ ಭಾಗ. ಅದರೊಳಗಿನ ಕಬ್ಬಿಣದ ಪ್ರಮಾಣ ತೀರಾ ಕಡಿಮೆ. ರಕ್ತ ಹೆಪ್ಪುಗಟ್ಟುವಾಗ ನೀರಿನಂಥ ಸೀರಂ ಹಿಂಡಿಹೋಗಿ ಕೆಂಪು ಕಣಗಳು ಒತ್ತಾಗಿ ಕೂಡುತ್ತವೆ, ಪ್ರೋಟೀನ್ ಸಾಂದ್ರವಾಗುತ್ತದೆ, ಅಂಕಿ ಏರುತ್ತದೆ. ಹಾಗಾಗಿ ಬಿಳಿ ಕಾಣಬೇಕಾದರೆ ಎರಡು ಸಂಗತಿ ಬೇಕು: ಸಾಕಷ್ಟು ಹಿಮೋಗ್ಲೋಬಿನ್ ಇರಬೇಕು, ರಕ್ತ ಹೆಪ್ಪುಗಟ್ಟಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಚಿತ್ರ ಬೇರೆಯಾಗುತ್ತದೆ.

ಮೊದಲನೆಯದನ್ನೇ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು. ಇವರಲ್ಲಿ ಹೆಚ್ಚಿನವರ ರಕ್ತಹೀನತೆ ಸೌಮ್ಯ, ಅಂಥವರಲ್ಲಿ ರಕ್ತ ಬಿಳಿಯಾಗಿಯೇ ಕಾಣುತ್ತದೆ. ಆದರೆ ಹಿಮೋಗ್ಲೋಬಿನ್ 8–10 ಗ್ರಾಂಗಿಂತ ಕೆಳಗಿಳಿದವರಲ್ಲಿ ಹೊಚ್ಚಹೊಸ ರಕ್ತವೂ ಮೆದುಳಿನಷ್ಟೇ ಬೂದಾಗಿ ಕಾಣಬಹುದು. ರಕ್ತ ಇದ್ದೂ ಕಣ್ಣಿಗೆ ಬೀಳದು. ರೇಡಿಯಾಲಜಿಸ್ಟ್‌ಗೆ ರೋಗಿಯ ಹಿಮೋಗ್ಲೋಬಿನ್ ಗೊತ್ತಿದ್ದರೆ ಅವರು ಬಣ್ಣವನ್ನು ನೆಚ್ಚದೆ ಮೆದುಳು ಎಲ್ಲಾದರೂ ಒತ್ತಿಹೋಗಿದೆಯೇ ಎಂದು ನೋಡುತ್ತಾರೆ.

ಎರಡನೆಯದು ಹೆಪ್ಪುಗಟ್ಟದಿರುವುದು. ಬುರುಡೆ ಮತ್ತು ಅದರೊಳಗಿನ ಗಟ್ಟಿ ಪೊರೆಯ ನಡುವೆ ಅಪಧಮನಿ ಹರಿದು ರಕ್ತ ತುಂಬಿಕೊಂಡರೆ ಚಿತ್ರದಲ್ಲಿ ಮಸೂರದ ಆಕಾರದ ಬಿಳಿ ಗಡ್ಡೆ ಕಾಣುತ್ತದೆ. ಆ ಬಿಳಿಯ ನಡುವೆ ಸುಳಿಸುಳಿಯಾಗಿ ಬೂದು ಬಣ್ಣ ಕಂಡರೆ ಅನುಭವಿ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಆ ಬೂದು ಎಂದರೆ ಇನ್ನೂ ಹೆಪ್ಪುಗಟ್ಟದ ರಕ್ತ, ಅಂದರೆ ಸ್ಕ್ಯಾನ್ ಮಾಡುತ್ತಿರುವ ಗಳಿಗೆಯಲ್ಲೂ ರಕ್ತ ಸೋರುತ್ತಿರಬಹುದು. ನಮ್ಮ ಕಣ್ಣಿಗೆ ಬಿಳಿ ಅಪಾಯ, ಬೂದು ವಾಸಿ ಅನ್ನಿಸಬಹುದು. ಇಲ್ಲಿ ತಿರುಗುಮುರುಗು.

ಹೃದಯದ ಕವಾಟ ಬದಲಾಯಿಸಿಕೊಂಡವರು, ಪಾರ್ಶ್ವವಾಯು ಆಗಿದ್ದವರು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿರುತ್ತಾರೆ. ವಾರ್ಫರಿನ್, ಅಸಿಟ್ರಾಮ್‌ನಂಥವು. ಇವರಲ್ಲಿ ಹೊರಬಂದ ರಕ್ತ ಹೆಪ್ಪುಗಟ್ಟದೆ ಹಾಗೇ ನಿಂತು, ಕೆಂಪು ಕಣಗಳು ತಳಕ್ಕಿಳಿದು ಸೀರಂ ಮೇಲೆ ತೇಲಬಹುದು. ಲೋಟದಲ್ಲಿಟ್ಟ ಮಜ್ಜಿಗೆ ತಿಳಿಯಾಗಿ ಮೇಲೆ ನೀರು, ಕೆಳಗೆ ಗಟ್ಟಿ ನಿಂತ ಹಾಗೆ. ಚಿತ್ರದಲ್ಲಿ ಮೇಲೆ ಕಪ್ಪು, ಕೆಳಗೆ ಬಿಳಿ, ನಡುವೆ ಗೆರೆ ಎಳೆದಂತೆ ಒಂದು ಮಟ್ಟ ಕಾಣುತ್ತದೆ. ಕೊಳಕುಮಂಡಲ ಕಚ್ಚಿದವರ ರಕ್ತವೂ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಅಂಥವರ ಮೆದುಳಿನಲ್ಲೂ ರಕ್ತಸ್ರಾವ ಆಗುವುದುಂಟು. ತೋಟದಲ್ಲಿ ಪ್ರಜ್ಞೆ ತಪ್ಪಿ ಬಿದ್ದವರನ್ನು ಎತ್ತಿಕೊಂಡು ಓಡುವಾಗ ಕಾಲಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.

ಅಟ್ಟದ ಮೇಲಿನ ಕಾಯಿ, ಅಜ್ಜನ ತಲೆ

ನನ್ನ ಮಟ್ಟಿಗೆ ಈ ಲೇಖನದ ಮುಖ್ಯ ಭಾಗ ಇದೇ.

ತಿಪಟೂರಿನ ಉಂಡೆ ಕೊಬ್ಬರಿ ಹೇಗೆ ಆಗುತ್ತದೆ ಎಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟಗಿಟ ಎನ್ನುತ್ತದೆ. ವಯಸ್ಸಾದಂತೆ ಮೆದುಳೂ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಬುರುಡೆ ಮಾತ್ರ ಅಷ್ಟೇ ಇರುತ್ತದೆ. ನಡುವೆ ಬಿಟ್ಟುಕೊಂಡ ಜಾಗವನ್ನು ನೀರಿನಂಥ ದ್ರವ ತುಂಬುತ್ತದೆ. ಮೆದುಳಿನ ಮೇಲ್ಮೈಯಿಂದ ಹೊರಪೊರೆಗೆ ಸೇತುವೆಯಂತೆ ಹಾದುಹೋಗುವ ಸಣ್ಣ ಸಿರೆಗಳು ಆ ಜಾಗದಲ್ಲಿ ಎಳೆದು ಕಟ್ಟಿದ ದಾರದಂತೆ ಬಿಗಿಯಾಗುತ್ತವೆ. ಆಗ ಬಾಗಿಲ ಚೌಕಟ್ಟಿಗೆ ತಲೆ ತಗುಲಿದ ಪೆಟ್ಟೂ ಒಂದು ಸಿರೆ ಹರಿಯಲು ಸಾಕಾಗಬಹುದು.

ಸಿರೆಯಿಂದ ರಕ್ತ ನಿಧಾನವಾಗಿ ಸೋರುತ್ತದೆ. ಒಳಗೆ ಜಾಗ ಇರುವುದರಿಂದ ಆ ಕ್ಷಣಕ್ಕೆ ನೋವೂ ಇಲ್ಲ, ವಾಂತಿಯೂ ಇಲ್ಲ. ಸೋರಿದ ರಕ್ತ ಮೆದುಳಿನ ಮೇಲೆ ಹರಡಿಕೊಂಡು ತೆಂಗಿನಕಾಯಿ ಹೋಳಿನ ಆಕಾರದಲ್ಲಿ ಬಾಗಿ ಕೂರುತ್ತದೆ. ಇದನ್ನು ಸಬ್‌ಡ್ಯೂರಲ್ ರಕ್ತಸ್ರಾವ ಅನ್ನುತ್ತಾರೆ. ಮೊದಲ ದಿನಗಳಲ್ಲಿ ಅದು ಬಿಳಿ. ದಿನ ಕಳೆದಂತೆ ಕೆಂಪು ಕಣಗಳು ಒಡೆದು ಪ್ರೋಟೀನ್ ಕರಗುತ್ತಾ ಹೋಗಿ ಅಂಕಿ ಇಳಿಯುತ್ತದೆ. ಮೂರು ವಾರ ದಾಟಿದ ಮೇಲೆ ಅದು ಮೆದುಳಿಗಿಂತ ಕಪ್ಪಾಗುತ್ತದೆ. ಬಿಳಿಯಿಂದ ಕಪ್ಪಿಗೆ ಹೋಗುವ ದಾರಿಯಲ್ಲಿ ಬೂದನ್ನು ಹಾದೇ ಹೋಗಬೇಕಲ್ಲ? ಸುಮಾರು ಒಂದರಿಂದ ಮೂರು ವಾರದ ನಡುವೆ ಆ ರಕ್ತದ ಬಣ್ಣ ಮೆದುಳಿನ ಬಣ್ಣಕ್ಕೆ ಸರಿಸಮ ಆಗಿರುತ್ತದೆ. ವರದಿಗಳಲ್ಲಿ ಬರುವ ಮೂರು ಪದಗಳ ಅರ್ಥ ಇಷ್ಟೇ: ಹೈಪರ್‌ಡೆನ್ಸ್ ಎಂದರೆ ಮೆದುಳಿಗಿಂತ ಬಿಳಿ, ಐಸೊಡೆನ್ಸ್ ಎಂದರೆ ಮೆದುಳಿನಷ್ಟೇ ಬೂದು, ಹೈಪೊಡೆನ್ಸ್ ಎಂದರೆ ಮೆದುಳಿಗಿಂತ ಕಪ್ಪು.

ಒಂದೇ ಕಡೆ ಬೂದು ರಕ್ತ ಇದ್ದರೆ ಮೆದುಳಿನ ನಡುಗೆರೆ ಇನ್ನೊಂದು ಬದಿಗೆ ಸರಿದಿರುತ್ತದೆ, ಅದರಿಂದ ಸುಳಿವು ಸಿಗುತ್ತದೆ. ಎರಡೂ ಕಡೆ ಸಮನಾಗಿ ಇದ್ದರೆ? ಆಗ ನಡುಗೆರೆ ನಡುವೆಯೇ ಇರುತ್ತದೆ. ಎಡಬಲ ಒಂದೇ ಥರ ಕಾಣುತ್ತದೆ. ಚಿತ್ರ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಅತಿಯಾಗಿ ಚೆನ್ನಾಗಿರುತ್ತದೆ. 75 ವರ್ಷದ ಅಜ್ಜನ ಮೆದುಳಿನಲ್ಲಿ ಅಗಲವಾದ ತೋಡುಗಳು, ದೊಡ್ಡದಾದ ನೀರಿನ ಗೂಡುಗಳು ಇರಬೇಕಾದ ಜಾಗದಲ್ಲಿ 25ರ ಹುಡುಗನದರಂತೆ ಎಲ್ಲವೂ ಕಿರಿದಾಗಿ, ಒತ್ತಾಗಿ ಕಾಣುತ್ತದೆ. ಎರಡೂ ಕಡೆಯ ರಕ್ತ ಒತ್ತಿ ಹಾಗೆ ಮಾಡಿರುತ್ತದೆ. ವಯಸ್ಸಿಗೆ ಮೀರಿ ಎಳೆಯದಾಗಿ ಕಾಣುವ ಮೆದುಳು ರೇಡಿಯಾಲಜಿ ಪಾಠಗಳಲ್ಲಿ ಎಚ್ಚರಿಕೆಯ ಲಕ್ಷಣ. ಅದನ್ನು ಹಿಡಿಯಬೇಕಾದರೆ ರೋಗಿಯ ವಯಸ್ಸು ಗೊತ್ತಿರಬೇಕು, "ಮೂರು ವಾರದ ಹಿಂದೆ ಬಿದ್ದಿದ್ದರು" ಎಂಬ ಒಂದು ಸಾಲು ಚೀಟಿಯಲ್ಲಿರಬೇಕು. ಆಗ ಅನುಮಾನ ಬಂದು ಎಂ.ಆರ್.ಐ. ಮಾಡಿಸುತ್ತಾರೆ, ಅಥವಾ ಕಾಂಟ್ರಾಸ್ಟ್ ಔಷಧ ಕೊಟ್ಟು ಮತ್ತೆ ನೋಡುತ್ತಾರೆ.

ಕಷ್ಟ ಏನೆಂದರೆ ಆ ಸಾಲು ಹೇಳುವುದೇ ಮನೆಯವರಿಗೆ ಹೊಳೆಯುವುದಿಲ್ಲ. ಅಜ್ಜ ನಾಲ್ಕು ದಿನದಿಂದ ಮಂಕಾಗಿದ್ದಾರೆ, ಹೆಸರು ಮರೆಯುತ್ತಾರೆ, ಒಂದು ಕಾಲು ಎಳೆದು ನಡೆಯುತ್ತಾರೆ, ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡರು. "ವಯಸ್ಸಾಯ್ತು, ಅರಳುಮರಳು" ಅನ್ನುತ್ತೇವೆ. ತಿಂಗಳ ಹಿಂದೆ ಕೊಟ್ಟಿಗೆಯಲ್ಲಿ ಜಾರಿದ್ದು, ಎದ್ದು ಧೂಳು ಕೊಡವಿಕೊಂಡು ಹೋಗಿದ್ದು ಯಾರ ನೆನಪಿಗೂ ಬರುವುದಿಲ್ಲ. ಬೇಸರದ ಸಂಗತಿ ಏನೆಂದರೆ, ವಯಸ್ಸಾದವರ ಮರೆವಿನ ಕಾರಣಗಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕೆಲವೇ ಕೆಲವುಗಳಲ್ಲಿ ಇದೂ ಒಂದು. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು ಹಳೆಯ ರಕ್ತ ಹೊರತೆಗೆದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುತ್ತಾರೆ.

ಹಳೆಯ ರಕ್ತದ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯ ಎಳೆಯ ರಕ್ತನಾಳಗಳು ಬಲಹೀನ, ಅವು ಆಗಾಗ ಮತ್ತೆ ಸೋರುತ್ತವೆ. ಹಾಗಾಗಿ ಒಂದೇ ಚಿತ್ರದಲ್ಲಿ ಕಪ್ಪು, ಬೂದು, ಬಿಳಿ ಮೂರೂ ಪದರ ಪದರವಾಗಿ ಸಿಗಬಹುದು. ಮೈಸೂರಿನಲ್ಲಿ ಹುಟ್ಟಿದ ಸದ್ಗುರು ಜಗ್ಗಿ ವಾಸುದೇವ್ ಅವರ ವಿಷಯದಲ್ಲಿ 2024ರ ಮಾರ್ಚ್‌ನಲ್ಲಿ ಇದೇ ಸುದ್ದಿಯಾಯಿತು. ಕೆಲವು ವಾರಗಳಿಂದ ತಲೆನೋವಿದ್ದ ಅವರಿಗೆ ದೆಹಲಿಯಲ್ಲಿ ಎಂ.ಆರ್.ಐ. ಮಾಡಿದಾಗ ಹಳೆಯ ರಕ್ತದ ಜೊತೆಗೆ ಹೊಸ ರಕ್ತಸ್ರಾವವೂ ಕಂಡಿತ್ತು ಎಂದು ಅವರ ವೈದ್ಯರು ಹೇಳಿದರು. ಮಾರ್ಚ್ 17ರಂದು ಶಸ್ತ್ರಚಿಕಿತ್ಸೆ ನಡೆದು ಚೇತರಿಸಿಕೊಂಡರು. ತಲೆನೋವಿನ ಮಾತ್ರೆ ನುಂಗಿಕೊಂಡು ಕೆಲಸ ಮುಂದುವರಿಸುವವರು ನಮ್ಮ ತೋಟಗಳಲ್ಲೂ ಕಡಿಮೆಯಿಲ್ಲ.

ತೀರಾ ಅಪರೂಪಕ್ಕೆ ಇಂಥ ರಕ್ತ ವರ್ಷಗಟ್ಟಲೆ ಹಾಗೇ ಉಳಿದು, ಸುಣ್ಣದ ಅಂಶ ಸೇರಿ, ಮೆದುಳಿನ ಸುತ್ತ ಇನ್ನೊಂದು ಚಿಪ್ಪಿನಂತೆ ಗಟ್ಟಿಯಾಗುತ್ತದೆ. ಕವಚ ತೊಟ್ಟ ಮೆದುಳು ಎಂದೇ ವೈದ್ಯರು ಅದನ್ನು ಕರೆಯುತ್ತಾರೆ.

ರಕ್ತದಂತೆ ಕಾಣುವ ರಕ್ತವಲ್ಲದ್ದು

ಇದರ ಮಗ್ಗುಲೂ ಒಂದಿದೆ. ಬಿಳಿ ಕಂಡದ್ದೆಲ್ಲ ರಕ್ತವಲ್ಲ. ವಯಸ್ಕರ ಮೆದುಳಿನಲ್ಲಿ ಕೆಲವು ಜಾಗಗಳಲ್ಲಿ ಸುಣ್ಣ ಕೂಡುವುದು ಸಹಜ, ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಕೋಶಗಳು ಮೆದುಳು ಸೇರಿ, ಸತ್ತು, ಸುಣ್ಣಗಟ್ಟಿ ಉಳಿದಿರುವುದು ಸಾಮಾನ್ಯ. ಬೈಕಿನಿಂದ ಬಿದ್ದವರ ಸ್ಕ್ಯಾನ್‌ನಲ್ಲಿ ಅಂಥ ಚುಕ್ಕೆ ಕಂಡರೆ ಹೊಸ ರಕ್ತವೋ ಹಳೆಯ ಹುಳುವೋ ಎಂದು ಯೋಚಿಸಬೇಕಾಗುತ್ತದೆ. ಹಿಂದೆ ಫಿಟ್ಸ್ ಬಂದಿತ್ತೇ ಎಂಬ ಪ್ರಶ್ನೆ ಅದಕ್ಕೇ ಕೇಳುವುದು. ಇಡೀ ಮೆದುಳು ಊದಿಕೊಂಡಾಗ ಮೆದುಳಿನ ಅಂಕಿ ಇಳಿದು, ರಕ್ತನಾಳಗಳೊಳಗೆ ಸರಿಯಾಗಿಯೇ ಇರುವ ರಕ್ತ ಎದ್ದು ಕಂಡು, ರಕ್ತಸ್ರಾವವಾದಂತೆ ಭ್ರಮೆ ಹುಟ್ಟುವುದೂ ಉಂಟು.

ಇನ್ನು ಪೆಟ್ಟು ಬಿದ್ದ ಜಾಗ ಮತ್ತು ರಕ್ತ ಇರುವ ಜಾಗ. ಹಿಂದಕ್ಕೆ ಬಿದ್ದು ಹಿಂದಲೆ ನೆಲಕ್ಕೆ ಬಡಿದರೆ ಮೆದುಳು ಒಳಗೆ ಜಾರಿ, ಹಣೆಯ ಹಿಂದಿನ ಭಾಗಕ್ಕೂ ಕಪಾಲದ ಬದಿಗಳಿಗೂ ಜಜ್ಜುಗಾಯ ಆಗಬಹುದು. ಪೆಟ್ಟು ಹಿಂದೆ, ರಕ್ತ ಮುಂದೆ. ಇಂಥ ಜಜ್ಜುಗಾಯಗಳು ಮೊದಲ ಸ್ಕ್ಯಾನ್‌ನಲ್ಲಿ ಸಾಸಿವೆಯಷ್ಟಿದ್ದು ಒಂದೆರಡು ದಿನದಲ್ಲಿ ದೊಡ್ಡದಾಗುವುದುಂಟು. ವೈದ್ಯರು ಮರುದಿನ ಇನ್ನೊಮ್ಮೆ ಸ್ಕ್ಯಾನ್ ಬರೆದರೆ ದುಡ್ಡು ಕೀಳಲು ಎಂದೇ ಯಾವಾಗಲೂ ಭಾವಿಸಬೇಕಿಲ್ಲ.

ಚಿತ್ರ ಮತ್ತು ರೋಗಿ ಒಂದಕ್ಕೊಂದು ಹೊಂದದ ಇನ್ನೊಂದು ಸಂದರ್ಭ ವೇಗದ ಅಪಘಾತ. ತುಮಕೂರು–ಶಿವಮೊಗ್ಗ ಹೆದ್ದಾರಿಯಂಥ ಕಡೆ ಬೈಕಿನಿಂದ ಎಸೆಯಲ್ಪಟ್ಟವರು ಎಚ್ಚರವಿಲ್ಲದೆ ಮಲಗಿರುತ್ತಾರೆ, ಸಿ.ಟಿ.ಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ತಲೆ ಗಿರ್ರನೆ ತಿರುಗಿದಾಗ ಮೆದುಳಿನೊಳಗಿನ ನರತಂತುಗಳು ಎಳೆದು ಹರಿದಿರುತ್ತವೆ. ಎಂ.ಆರ್.ಐ.ಯ ಒಂದು ವಿಶೇಷ ವಿಧಾನದಲ್ಲಿ ಆ ಜಾಗಗಳು ಸಣ್ಣ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಅಲ್ಲಿ ರಕ್ತದ ಬಣ್ಣ ಕಪ್ಪು, ಅಲ್ಲಿ ಕೆಲಸ ಮಾಡುವುದು ನಿಜಕ್ಕೂ ಕಬ್ಬಿಣದ ಕಾಂತೀಯ ಗುಣ.

ಮೊದಲು ಬಿದ್ದದ್ದೋ, ಮೊದಲು ರಕ್ತ ಹರಿದದ್ದೋ? ಇದು ಪತ್ತೇದಾರಿ ಕಥೆಯ ಪ್ರಶ್ನೆಯಂತಿದೆ, ಆದರೆ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಮರದ ಕೆಳಗೆ ಬಿದ್ದಿದ್ದವರ ಮೆದುಳಿನ ಮೇಲ್ಮೈಯ ತೋಡುಗಳಲ್ಲಿ ರಕ್ತ ಇದ್ದರೆ ಅದು ಬಿದ್ದ ಪೆಟ್ಟಿನದಾಗಿರುವ ಸಾಧ್ಯತೆ ಹೆಚ್ಚು. ಮೆದುಳಿನ ತಳದಲ್ಲಿ, ದೊಡ್ಡ ರಕ್ತನಾಳಗಳು ಕೂಡುವ ಕಡೆ ರಕ್ತ ತುಂಬಿದ್ದರೆ ಬೇರೆಯದೇ ಅನುಮಾನ: ಉಬ್ಬಿದ್ದ ರಕ್ತನಾಳವೊಂದು ಒಡೆದು, ಅದರಿಂದ ಎಚ್ಚರ ತಪ್ಪಿ, ಆಮೇಲೆ ಬಿದ್ದರೇ? ಬಿ.ಪಿ. ಏರಿ ಮೆದುಳಿನ ಆಳದಲ್ಲಿ ರಕ್ತನಾಳ ಒಡೆದವರೂ ಹೀಗೆಯೇ ಕುಸಿಯುತ್ತಾರೆ. ಕಣ್ಣಾರೆ ಕಂಡವರು "ತಲೆ ಹಿಡಿದುಕೊಂಡು ಅಮ್ಮಾ ಅಂದ್ರು, ಆಮೇಲೆ ಬಿದ್ರು" ಎಂದು ಹೇಳಿದರೆ ಆ ಒಂದು ಮಾತು ಮುಂದಿನ ತನಿಖೆಯನ್ನೇ ಬದಲಿಸುತ್ತದೆ. ಹಾಗಾಗಿ ಬಿದ್ದದ್ದನ್ನು ಕಂಡವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಆಗದಿದ್ದರೆ ಫೋನಿಗೆ ಸಿಗುವುದು ಒಳ್ಳೆಯದು.

ಕಾಯಿ ತಲೆ ಮೇಲೆ ಬಿದ್ದರೆ

ತೆಂಗಿನಕಾಯಿ ಬಿದ್ದು ಪ್ರಪಂಚದಲ್ಲಿ ವರ್ಷಕ್ಕೆ 150 ಜನ ಸಾಯುತ್ತಾರೆ ಎಂಬ ಮಾತು ವಾಟ್ಸಾಪ್‌ನಲ್ಲಿ ಸುತ್ತುತ್ತಿರುತ್ತದೆ. ಇದಕ್ಕೆ ಗಟ್ಟಿಯಾದ ಲೆಕ್ಕ ಯಾವುದೂ ಇಲ್ಲ. 2002ರ ಹೊತ್ತಿಗೆ ಬ್ರಿಟನ್ನಿನ ಪ್ರವಾಸ ವಿಮಾ ಕಂಪನಿಯೊಂದು ಪ್ರಚಾರಕ್ಕೆ ಬಳಸಿ ಇದನ್ನು ಹಬ್ಬಿಸಿತು. ನಿಜವಾದ ಅಧ್ಯಯನ ಪೀಟರ್ ಬಾರ್ಸ್ ಎಂಬ ವೈದ್ಯರದು, 1984ರಲ್ಲಿ ಪ್ರಕಟವಾದದ್ದು. ಪಪುವಾ ನ್ಯೂಗಿನಿಯ ಅಲೊಟಾವು ಆಸ್ಪತ್ರೆಯಲ್ಲಿ ನಾಲ್ಕು ವರ್ಷದಲ್ಲಿ ಗಾಯಗೊಂಡು ದಾಖಲಾದವರಲ್ಲಿ ಶೇ 2.5ರಷ್ಟು ಜನ ಮೇಲೆ ಕಾಯಿ ಬಿದ್ದವರು. ತಲೆಗೆ ಪೆಟ್ಟಾದ ನಾಲ್ವರನ್ನು ಅವರು ವಿವರಿಸಿದ್ದಾರೆ, ಅವರಲ್ಲಿ ಇಬ್ಬರಿಗೆ ಬುರುಡೆ ತೆರೆಯಬೇಕಾಯಿತು. ಇನ್ನಿಬ್ಬರು ಊರಲ್ಲೇ ತೀರಿಕೊಂಡಿದ್ದರು. ಈ ಲೇಖನಕ್ಕೆ 2001ರಲ್ಲಿ ನಗೆ ನೊಬೆಲ್ ಎನ್ನಬಹುದಾದ ಇಗ್‌ನೊಬೆಲ್ ಬಂತು. ತೆಂಗಿನ ಮರದ ಕೆಳಗೆ ಬದುಕದವರಿಗೆ ಇದು ನಗುವ ವಿಷಯ ಇರಬಹುದು. ಒಂದೂವರೆ ಕೆಜಿಯ ಕಾಯಿ 15 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್.

ಕಾಯಿಯ ಪೆಟ್ಟು ಬೀಳುವುದು ಹೆಚ್ಚಾಗಿ ನೆತ್ತಿಗೆ. ಸ್ಕ್ಯಾನ್ ಚಿತ್ರಗಳು ತಲೆಯನ್ನು ಅಡ್ಡಡ್ಡಲಾಗಿ ಬಿಲ್ಲೆ ಕತ್ತರಿಸಿದಂತೆ ಇರುತ್ತವೆ. ನೆತ್ತಿಯ ಕೆಳಗೆ ತೆಳುವಾಗಿ, ಬಿಲ್ಲೆಗೆ ಸಮಾನಾಂತರವಾಗಿ ಹರಡಿದ ರಕ್ತ ಮೇಲಿನ ಒಂದೆರಡು ಬಿಲ್ಲೆಗಳಲ್ಲಿ ಮೂಳೆಯ ಬಿಳಿಯೊಂದಿಗೆ ಕಲೆತುಹೋಗುತ್ತದೆ. ಕಂಪ್ಯೂಟರಿನಲ್ಲಿ ಅದೇ ಮಾಹಿತಿಯನ್ನು ಎದುರಿನಿಂದ ಕತ್ತರಿಸಿದಂತೆ ಮರುಜೋಡಿಸಿದರೆ ಅದು ಕಾಣುತ್ತದೆ. "ನೆತ್ತಿಗೆ ಬಿತ್ತು" ಎಂದು ಹೇಳಿದರೆ ಹಾಗೆ ನೋಡುವುದು ಖಂಡಿತ ನೆನಪಾಗುತ್ತದೆ. ಬುರುಡೆಗೆ ಅಂಟಿದ ತೆಳು ರಕ್ತ ನೋಡಲು ಬೆಳಕಿನ ಹೊಂದಾಣಿಕೆಯನ್ನೂ ಬದಲಿಸಬೇಕಾಗುತ್ತದೆ. ಮೆದುಳು ಚೆನ್ನಾಗಿ ಕಾಣುವ ಹೊಂದಾಣಿಕೆಯಲ್ಲಿ ಮೂಳೆಯೂ ಪಕ್ಕದ ರಕ್ತವೂ ಒಂದೇ ಬಿಳಿಯಾಗಿಬಿಡುತ್ತವೆ. ಬೆಂಗಳೂರಿನಲ್ಲಿರುವ ಪರಿಚಯದ ಡಾಕ್ಟರಿಗೆ ಫಿಲ್ಮನ್ನು ಕಿಟಕಿಗೆ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಿದರೆ ಅವರು ಇದ್ಯಾವುದನ್ನೂ ಮಾಡಲಾರರು.

ಭಾರತದಲ್ಲಿ ತಲೆಪೆಟ್ಟಿನ ಕಾರಣಗಳಲ್ಲಿ ರಸ್ತೆ ಅಪಘಾತದ ಪಾಲು ಸುಮಾರು ಶೇ 60, ಬೀಳುವುದರ ಪಾಲು ಶೇ 20ರಿಂದ 25 ಎಂದು ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ಕೆಲಸದಿಂದ ತಿಳಿದಿದೆ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತದಿಂದ ತಲೆಗೆ ಪೆಟ್ಟಾಗಿ ತೀರಿಕೊಂಡ ನಟ ಸಂಚಾರಿ ವಿಜಯ್ ಕಡೂರು ತಾಲ್ಲೂಕಿನ ಪಂಚನಹಳ್ಳಿಯವರು, ತಿಪಟೂರು ಸೀಮೆಗೆ ದೂರದವರಲ್ಲ. ಅಂಥ ಪೆಟ್ಟಿನ ಗಂಭೀರತೆ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಎದ್ದು ನಡೆದವರದು.

ಅವರ ಬಗ್ಗೆ ನಮ್ಮಲ್ಲಿ ಕೆಲವು ನಂಬಿಕೆಗಳಿವೆ. ತಲೆ ಮೇಲೆ ಬುಗುಟು ಎದ್ದರೆ ಒಳಗೇನೂ ಆಗಿಲ್ಲ ಅನ್ನುತ್ತಾರೆ. ಬುಗುಟು ಚರ್ಮದ ಕೆಳಗಿನ ರಕ್ತ, ಅದಕ್ಕೂ ಬುರುಡೆಯ ಒಳಗಿನದಕ್ಕೂ ಸಂಬಂಧವಿಲ್ಲ. ಕಿವಿಯಲ್ಲಿ ರಕ್ತ ಬಂದರೆ "ಕೆಟ್ಟ ರಕ್ತ ಹೊರಗೆ ಹೋಯ್ತು, ಒಳ್ಳೇದಾಯ್ತು" ಅನ್ನುವವರಿದ್ದಾರೆ. ಇದು ನಿಜಕ್ಕೂ ಅಪಾಯದ ಮಾತು, ಏಕೆಂದರೆ ಕಿವಿಯ ರಕ್ತ ಬುರುಡೆಯ ತಳದ ಮೂಳೆ ಬಿರುಕು ಬಿಟ್ಟಿರುವುದರ ಗುರುತಾಗಿರಬಹುದು. ಮಾತಾಡುತ್ತಿದ್ದಾರೆ, ಊಟ ಮಾಡಿದರು, ಹಾಗಾಗಿ ಪರವಾಗಿಲ್ಲ ಅನ್ನುವುದು ಇನ್ನೊಂದು. ಬ್ರಿಟಿಷ್ ನಟಿ ನಟಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದ ಹಿಮದಲ್ಲಿ ಜಾರಿಬಿದ್ದು, ನಗುತ್ತಾ ಮಾತಾಡಿ, ಮೊದಲು ಬಂದ ಆಂಬುಲೆನ್ಸನ್ನು ವಾಪಸು ಕಳಿಸಲಾಗಿತ್ತು. ಎರಡು ದಿನಕ್ಕೆ ತೀರಿಕೊಂಡರು. ಪೊರೆಯ ಹೊರಗಿನ ಅಪಧಮನಿಯ ರಕ್ತಸ್ರಾವದಲ್ಲಿ ಇಂಥ ಮೋಸದ ಬಿಡುವು ಇರುವುದುಂಟು.

ಹಾಗಂತ ತಲೆಗೆ ಏನು ತಗುಲಿದರೂ ಸ್ಕ್ಯಾನ್‌ಗೆ ಓಡಬೇಕೆಂದಿಲ್ಲ. ಖರ್ಚಿದೆ, ವಿಕಿರಣವೂ ಇದೆ, ಮಕ್ಕಳಲ್ಲಿ ಅದು ಇನ್ನೂ ಮುಖ್ಯ. ಪೆಟ್ಟಿನಿಂದ ಸ್ವಲ್ಪ ಹೊತ್ತು ಎಚ್ಚರ ತಪ್ಪಿದ, ಗೊಂದಲಗೊಂಡ ಅಥವಾ ನಡೆದದ್ದು ಮರೆತ ವಯಸ್ಕರಲ್ಲಿ ಯಾರಿಗೆ ಸ್ಕ್ಯಾನ್ ಬೇಕು ಎಂದು ನಿರ್ಧರಿಸಲು 2001ರಲ್ಲಿ ಕೆನಡಾದ ವೈದ್ಯರು ಒಂದು ಸೂತ್ರ ಮಾಡಿದರು. 65 ದಾಟಿದ ವಯಸ್ಸು, ಎರಡು ಅಥವಾ ಹೆಚ್ಚು ಸಲ ವಾಂತಿ, ಮೂರು ಅಡಿಗಿಂತ ಎತ್ತರದಿಂದ ಬಿದ್ದದ್ದು ಅದರಲ್ಲಿ ಸೇರಿವೆ. ತೆಂಗಿನ ಮರ ಎಷ್ಟು ಅಡಿ ಎಂದು ಲೆಕ್ಕ ಹಾಕುವ ಅಗತ್ಯವಿಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಸೂತ್ರವೇ ಅನ್ವಯಿಸುವುದಿಲ್ಲ. ಅವರು ನೇರವಾಗಿ ವೈದ್ಯರನ್ನು ಕಾಣಬೇಕು.

ಮೊದಲ ಸ್ಕ್ಯಾನ್ ಚೆನ್ನಾಗಿದ್ದರೂ ತಲೆನೋವು ದಿನದಿಂದ ದಿನಕ್ಕೆ ಹೆಚ್ಚಾದರೆ, ವಾಂತಿ, ಮಂಪರು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು, ಫಿಟ್ಸ್, ಸ್ವಭಾವದಲ್ಲಿ ಬದಲಾವಣೆ ಕಂಡರೆ ಮತ್ತೆ ಹೋಗಲೇಬೇಕು. ಯುವಕರಿಗೆ ಮೊದಲ ಒಂದೆರಡು ದಿನ ಹೆಚ್ಚು ನಿಗಾ ಬೇಕು. ವಯಸ್ಸಾದವರಿಗೆ, ಕುಡಿತದ ಅಭ್ಯಾಸ ಇರುವವರಿಗೆ ಎರಡು ತಿಂಗಳವರೆಗೂ ಕಣ್ಣಿಟ್ಟಿರಬೇಕು.

ಹೋಗುವಾಗ ಬಿದ್ದ ದಿನ ಮತ್ತು ಹೊತ್ತು, ಬಿದ್ದ ಬಗೆ, ತಲೆಯ ಯಾವ ಭಾಗಕ್ಕೆ ತಗುಲಿತು, ನುಂಗುತ್ತಿರುವ ಮಾತ್ರೆಗಳು, ಈಚಿನ ಹಿಮೋಗ್ಲೋಬಿನ್ ಎಷ್ಟಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ ಜೇಬಿಗೆ ಹಾಕಿಕೊಳ್ಳಿ. ಸ್ಕ್ಯಾನ್ ಮಾಡಿದ ಕಡೆ ಫಿಲ್ಮ್ ಜೊತೆಗೆ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ತಿಪಟೂರಿನಲ್ಲೋ ತುಮಕೂರಿನಲ್ಲೋ ತೆಗೆದ ಮೊದಲ ಸ್ಕ್ಯಾನ್ ಬೆಂಗಳೂರಿಗೆ ರೋಗಿಯ ಜೊತೆ ತಲುಪಿದರೆ, ಅಲ್ಲಿನವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಮೂರು ವಾರದ ಹಿಂದೆ ಅಗಲವಾಗಿದ್ದ ತೋಡುಗಳು ಈಗ ಮುಚ್ಚಿಕೊಂಡಿವೆ ಎಂಬುದು ಆಗ ಒಂದು ನೋಟಕ್ಕೆ ತಿಳಿಯುತ್ತದೆ, ರಕ್ತ ಯಾವ ಬಣ್ಣದಲ್ಲಿದ್ದರೂ.